ಯಾಂತ್ರಿಕ ಉಕ್ತಲೇಖನ

ಗಣಕಯಂತ್ರದ ಮುಂದೆ ಕುಳಿತವನು ಕೀಲಿಮಣೆಯನ್ನು ಮುಟ್ಟದೆ ಮಾತನಾಡಿ, ಆ ಮಾತನ್ನು ಯಂತ್ರವೇ ಅಕ್ಷರಕ್ಕಿಳಿಸುವಂತೆ ಮಾಡುವ ವಿಧಾನಕ್ಕೆ ಈ ಹೆಸರು. ಬಳಕೆಯ ಮಾತಿನಲ್ಲಿ ಇದು ವಾಯ್ಸ್ ಟೈಪಿಂಗ್. ಒಬ್ಬರು ಹೇಳಿ ಇನ್ನೊಬ್ಬರು ಬರೆಯುವುದು ನಮಗೆ ಹೊಸತಲ್ಲ. ಎಲ್ಲಿಯೂ ನಿಲ್ಲಿಸದೆ ಹೇಳಬೇಕೆಂದು ಗಣಪತಿಯೂ, ಅರ್ಥವಾಗದೆ ಬರೆಯಕೂಡದೆಂದು ವ್ಯಾಸರೂ ಪರಸ್ಪರ ಕಟ್ಟಳೆ ವಿಧಿಸಿಕೊಂಡ ಕಥೆಯನ್ನು ಅರಿಯದವರಿಲ್ಲ. ಮಾತು ಕೊಂಚ ತಡೆದೊಡನೆ ಕಿವಿ ಮುಚ್ಚಿಕೊಳ್ಳುವ ಇಂದಿನ ಯಂತ್ರವು ಅವುಗಳಲ್ಲಿ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಂತಿದೆ.

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ನಿರ್ಮಿತವಾದ ‘ಆಡ್ರಿ’ ಎಂಬ ಯಂತ್ರವು ಅಂಕಿಗಳನ್ನು ಮಾತ್ರ ಗುರುತಿಸುತ್ತಿತ್ತು. 1962ರ ಸಿಯಾಟಲ್ ವಿಶ್ವಪ್ರದರ್ಶನದಲ್ಲಿ ಐಬಿಎಂ ಸಂಸ್ಥೆ ತೋರಿಸಿದ ‘ಶೂಬಾಕ್ಸ್’ ಹದಿನಾರು ಶಬ್ದಗಳನ್ನು ಬಲ್ಲದಾಗಿತ್ತು. ಮಾತಿನ ವ್ಯಾಕರಣವನ್ನು ಯಂತ್ರಕ್ಕೆ ಬೋಧಿಸುವುದಕ್ಕಿಂತ, ಇಂಥ ಧ್ವನಿಯ ಹಿಂದೆ ಇಂಥ ಪದವಿರುವ ಸಂಭವವೆಷ್ಟೆಂದು ಗಣಿಸುವುದೇ ಮೇಲೆಂದು 1970ರ ದಶಕದಲ್ಲಿ ಅದೇ ಸಂಸ್ಥೆಯ ಫ್ರೆಡ್ ಜೆಲಿನೆಕ್ ಮತ್ತು ಅವರ ಸಹೋದ್ಯೋಗಿಗಳು ಹಿಡಿದ ಮಾರ್ಗವೇ ಮುಂದೆ ಹೆದ್ದಾರಿಯಾಯಿತು. 1990ರ ‘ಡ್ರ್ಯಾಗನ್ ಡಿಕ್ಟೇಟ್’ ತಂತ್ರಾಂಶದೊಡನೆ ಪ್ರತಿಯೊಂದು ಪದಕ್ಕೂ ತಡೆತಡೆದು ಮಾತನಾಡಬೇಕಿತ್ತು. ಮಾತು ಸಹಜವಾಗಿ ಹರಿಯಲು ಅವಕಾಶವಾದುದು ಅದರ ಉತ್ತರಾಧಿಕಾರಿಯಿಂದ, 1997ರಲ್ಲಿ. ಗೂಗಲ್ ಸಂಸ್ಥೆಯ ಧ್ವನಿಲೇಖನದಲ್ಲಿ ಕನ್ನಡ ಸೇರಿದುದು 2017ರಲ್ಲಿ.

ಯಂತ್ರವು ಧ್ವನಿಯನ್ನು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಸೂಕ್ಷ್ಮವಾದ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದರ ಸ್ವರೂಪವನ್ನೂ ತಾನು ಮೊದಲು ಕೇಳಿದ ಅಸಂಖ್ಯ ಕಂಠಗಳ ಪರಿಚಯದಿಂದ ಅಳೆದು, ಹಿಂದುಮುಂದಿನ ಪದಗಳಿಗೆ ಹೊಂದುವುದನ್ನು ಆರಿಸುತ್ತದೆ. ಈ ಎರಡನೆಯ ಹಂತವೇ ಕನ್ನಡಕ್ಕೆ ಆಸರೆ. ‘ಹ’ಕಾರವನ್ನು ನುಂಗುವವರ ಬಾಯಲ್ಲಿ ಹಕ್ಕಿಯು ಅಕ್ಕಿಯಾಗುತ್ತದೆ; ಮಹಾಪ್ರಾಣವನ್ನು ಉಚ್ಚರಿಸುವವರು ವಿರಳವಾದುದರಿಂದ ದನಕ್ಕೂ ಧನಕ್ಕೂ ಕಿವಿಯಲ್ಲಿ ಭೇದವಿಲ್ಲ. ‘ಸರ್ಕಾರದಿಂದ ಧನಸಹಾಯ’ ಎಂದು ಹೇಳಿದಾಗ ನೆರೆಯ ಪದಗಳು ಯಂತ್ರವನ್ನು ಎಚ್ಚರಿಸಿ ಕಾಪಾಡಬಹುದು. ‘ನನ್ನಲ್ಲಿ ಧನವಿಲ್ಲ’ ಎಂದರೆ ಕೊಟ್ಟಿಗೆ ಬರಿದಾದರೂ ಆದೀತು.

ಇದಕ್ಕಿಂತ ತೊಡಕಿನದು ನಮ್ಮ ಪದಗಳ ಬೆಳವಣಿಗೆ. ‘ಮನೆಯೊಳಗಿದ್ದವನಿಗೂ’ ಎಂಬಂತೆ ಪ್ರತ್ಯಯಗಳೂ ಸಂಧಿಗಳೂ ಒಂದರ ಬೆನ್ನಿಗೊಂದು ಬೆಸೆದುಕೊಳ್ಳುವ ಭಾಷೆಯಲ್ಲಿ ಯಾವ ನಿಘಂಟೂ ಎಲ್ಲ ರೂಪಗಳನ್ನೂ ಮೊದಲೇ ಕೂಡಿಡಲಾರದಾಗಿ, ಯಂತ್ರವು ಇಡಿಯ ಪದವನ್ನು ಒಡೆದು ಎರಡು ಮೂರಾಗಿ ಬರೆಯುವುದುಂಟು. ಬಾಯಿ ‘ಹೋಗ್ತೀನಿ’ ಎಂದರೆ ಅದೂ ಹಾಗೆಯೇ ಬರೆಯುತ್ತದೆಂದು ದೂರುವವರಿದ್ದಾರೆ. ಆದರೆ ಆಡುನುಡಿಗೂ ಗ್ರಂಥಭಾಷೆಗೂ ನಡುವೆ ಅಂತರವನ್ನಿರಿಸಿಕೊಂಡವರು ನಾವೇ ಆಗಿರಲು, ಈ ದೋಷವನ್ನು ಯಂತ್ರದ ತಲೆಗೆ ಕಟ್ಟುವುದು ನ್ಯಾಯವೆನಿಸದು.

ಮಣಿಕಟ್ಟಿನ ನೋವಿನಿಂದ ಬಳಲುವವರಿಗೂ ದೃಷ್ಟಿಹೀನರಿಗೂ ಈ ಸೌಕರ್ಯದ ಬೆಲೆ ಸ್ವಯಂವೇದ್ಯ. ಕನ್ನಡದ ಕೀಲಿವಿನ್ಯಾಸವನ್ನು ಎಂದೂ ಕಲಿಯದವರಿಗಂತೂ ಇದು ವರವೇ ಸರಿ: ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಒತ್ತು ಕೂಡಿಸುವ ಎಫ್ ಕೀಲಿಯನ್ನು ಎರಡು ಬಾರಿ ಒತ್ತಬೇಕು. ಬಾಯಿಗಾದರೋ ಅದು ಒಂದು ಉಸಿರಿನ ಕೆಲಸ. ಹತ್ತು ಮೇಜುಗಳ ಕಚೇರಿಯಲ್ಲಿ ಹತ್ತು ಮಂದಿಯೂ ಪತ್ರಗಳನ್ನು ಗಟ್ಟಿಯಾಗಿ ಹೇಳತೊಡಗಿದರೆ ಆಗುವ ಗದ್ದಲವನ್ನೂ, ಗುಟ್ಟಾಗಿರಬೇಕಾದ ವ್ಯವಹಾರ ಬಯಲಾಗುವುದನ್ನೂ ವಿವರಿಸಬೇಕಾಗಿಲ್ಲ.

ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುವುದರಿಂದ, ವಾಕ್ಯದ ಮುಗಿತಾಯವನ್ನು ಮನಸ್ಸಿನಲ್ಲಿ ಕಾಣದೆ ಬಾಯಿ ತೆರೆದವನು ನಡುವೆ ತಡವರಿಸುತ್ತಾನೆ, ಅಷ್ಟರಲ್ಲಿ ಯಂತ್ರ ಕೇಳುವುದನ್ನು ನಿಲ್ಲಿಸಿರುತ್ತದೆ. ರೂಢಿಯಾದವರು ಒಂದು ವಾಕ್ಯವನ್ನು ಪೂರ್ತಿಯಾಗಿ ಯೋಚಿಸಿಕೊಂಡು, ಒಂದೇ ಸಮನೆ ಹೇಳಿ, ಬಳಿಕ ತೆರೆಯನ್ನು ನೋಡುತ್ತಾರೆ. ‘ಪೂರ್ಣವಿರಾಮ’ವೆಂದು ಹೇಳಿದರೆ ಚುಕ್ಕೆಯಿಡದೆ ಆ ಪದವನ್ನೇ ಬರೆದಿಡುವ ಸಾಧನಗಳೂ ಉಂಟಾದ್ದರಿಂದ, ಅವರ ಒಂದು ಕೈ ಕೀಲಿಮಣೆಯ ಮೇಲೆಯೇ ಇರುತ್ತದೆ.