ಗುಬ್ಬಿ ಸೀಮೆಯ ಸಭೆಗಳೂ 1947ರ ಐಕ್ಯವೂ

ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು ನೆಲೆಯೂರಿದುದು 1837ರಲ್ಲಿ. ಟಾಮಸ್ ಹಾಡ್ಸನ್ ಪಾದ್ರಿಯವರು ಆರಂಭಿಸಿದ ಆ ಠಾಣೆಗೆ 1839ರಲ್ಲಿ ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ ಬಂದು ಸೇರಿದನು. ಕಣ್ಣಿನ ಬೇನೆಯಿಂದ ಎರಡೇ ವರ್ಷಗಳಲ್ಲಿ ಸ್ವದೇಶಕ್ಕೆ ಮರಳಬೇಕಾಯಿತಾದರೂ, ಮೈಸೂರು ಸೀಮೆಯ ತನ್ನ ಅನುಭವಗಳನ್ನು ಅವನು 1847ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅಂದಿನ ಪಾದ್ರಿಗಳಿಗೆ ವಾದವೇ ಮುಖ್ಯವಾದ ಆಯುಧ. ಪರಮತದವರೊಡನೆ ವಾದಿಸಿ ಪಳಗಿದ ನಾಲಗೆಯು ಸ್ವಮತದ ಪಂಗಡಗಳೆದುರು ಸುಮ್ಮನಿರುವುದು ಕಷ್ಟವೇ ಸರಿ.

ತುಮಕೂರು, ಕುಣಿಗಲುಗಳಲ್ಲಿಯೂ ಇದೇ ಮಿಷನ್ನು ಕಾರ್ಯ ನಡೆಸಿತು. ಹೀಗೆ ಈ ಕಡೆಯ ಪ್ರಾಟೆಸ್ಟಂಟರು ಮೆಥಡಿಸ್ಟರಾದುದು ತತ್ತ್ವಗಳನ್ನು ತೂಗಿನೋಡಿ ಆರಿಸಿಕೊಂಡುದರಿಂದಲ್ಲ. ಮೊದಲು ಬಂದ ಪಾದ್ರಿಯದು ಯಾವ ಸಂಘವೋ ಅದೇ ಅವರ ಸಂಘ. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನವರಿದ್ದರು, ದಂಡಿನಲ್ಲಿ ಆಂಗ್ಲಿಕನರಿದ್ದರು. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಭೇದವು ಕುಣಿಗಲಿನ ಮನೆಗಳಿಗೆ ಪಿತ್ರಾರ್ಜಿತದಂತೆ ಬಂದು ಸೇರಿತು. ಬಿಷಪ್ಪರ ಹಸ್ತದಿಂದ ಸ್ಥಿರೀಕರಣ ಹೊಂದದವನಿಗೆ ಆಂಗ್ಲಿಕನರ ಅಂದಿನ ನಿಯಮದಂತೆ ಪ್ರಭುಭೋಜನದಲ್ಲಿ ಪಾಲಿರಲಿಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟ ತುಮಕೂರಿನವನು ಅಲ್ಲಿ ಪರಕೀಯನೇ ಆಗಬೇಕಾಗಿತ್ತು.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ವಿ. ಎಸ್. ಅಜರಯ್ಯ ಬಿಷಪ್ಪರೇ ಮೊದಲಾದವರು, ಬಹುಮಟ್ಟಿಗೆ ಭಾರತೀಯರೇ, ಕೂಡಿ ಐಕ್ಯದ ಮಾತನ್ನೆತ್ತಿದರು. ತಾವು ಹುಟ್ಟಿಸದ ಭೇದವನ್ನು ತಾವೇಕೆ ಹೊರಬೇಕೆಂಬುದು ಅವರ ಪ್ರಶ್ನೆ. ಉತ್ತರಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. 1945ರ ಜನವರಿ 1ರಂದು ಅಜರಯ್ಯನವರು ತೀರಿಕೊಂಡರು; ಫಲವನ್ನು ಕಾಣಲಿಲ್ಲ.

ತೊಡಕೆಲ್ಲ ಇದ್ದುದು ಬಿಷಪ್ಪರ ವಿಷಯದಲ್ಲಿ. ಬಿಷಪ್ಪರಿಂದ ದೀಕ್ಷೆ ಪಡೆಯದ ಮೆಥಡಿಸ್ಟ್ ಪಾದ್ರಿಯು ಪಾದ್ರಿಯೇ ಅಹುದೆ? ಅಹುದೆಂದರೆ ಆಂಗ್ಲಿಕನರಿಗೆ ನೋವು. ಅಲ್ಲವೆಂದರೆ ಗುಬ್ಬಿಯಲ್ಲಿ ನೂರು ವರ್ಷ ಕೊಟ್ಟ ಸಂಸ್ಕಾರಗಳೆಲ್ಲ ಅನುಮಾನಕ್ಕೆ ಒಳಗಾಗುವುವು. ಕಡೆಗೆ ಮಾಡಿದ ಏರ್ಪಾಡು ಗಮನಾರ್ಹವಾದುದು. ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗತಕ್ಕದ್ದು. ಈಗಾಗಲೇ ಪಾದ್ರಿಗಳಾಗಿರುವವರಿಗೆ ಮರುದೀಕ್ಷೆ ಬೇಡ. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಪಾದ್ರಿಯನ್ನಾಗಲಿ ಆರಾಧನಾಕ್ರಮವನ್ನಾಗಲಿ ಹೇರಕೂಡದು. ವಿದೇಶದ ಮೂಲಸಭೆಗಳಿಂದ ಬರುವ ಪಾದ್ರಿಗಳ ವಿಷಯದಲ್ಲಿ ಮೂವತ್ತು ವರ್ಷಗಳ ಅವಧಿ. ವಿವಾದವನ್ನು ಗೆಲ್ಲದೆ ಕಾಲಕ್ಕೆ ಒಪ್ಪಿಸಿದರು. ತರ್ಕಶಾಸ್ತ್ರಿಗಳು ಇದನ್ನು ಮೆಚ್ಚಲಾರರು. ಕೂಡುಕುಟುಂಬದಲ್ಲಿ ಬಾಳಿದವರಿಗೆ ಇದು ಹೊಸದಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜ್ ದೇವಾಲಯದಲ್ಲಿ, ಸಿ. ಕೆ. ಜೇಕಬ್ ಬಿಷಪ್ಪರ ಅಧ್ಯಕ್ಷತೆಯಲ್ಲಿ, ದಕ್ಷಿಣ ಇಂಡಿಯಾ ಸಭೆಯು ಹದಿನಾಲ್ಕು ಪ್ರಾಂತಗಳೊಡನೆ ಸ್ಥಾಪಿತವಾಯಿತು. ದೇಶ ಸ್ವತಂತ್ರವಾಗಿ ಆರು ವಾರಗಳಾಗಿದ್ದುವು. ಉತ್ತರದಲ್ಲಿ ವಿಭಜನೆಯ ರಕ್ತ ಇನ್ನೂ ಹರಿಯುತ್ತಿದ್ದಿತು.

ಎಲ್ಲರೂ ಒಲಿದರೆಂದಲ್ಲ. ನಂದ್ಯಾಲದ ಆಂಗ್ಲಿಕನರಲ್ಲಿ ಅನೇಕರು ಹೊರಗೇ ನಿಂತರು. ಕೋಲಾರ, ಬೀದರುಗಳ ಅಮೆರಿಕನ್ ಮೆಥಡಿಸ್ಟರೂ ಸೇರಲಿಲ್ಲ. 1948ರ ಲ್ಯಾಂಬೆತ್ ಸಮ್ಮೇಳನವು ಪೂರ್ಣ ಮನ್ನಣೆಯನ್ನೀಯಲಿಲ್ಲ. ಶಾಂತಿಗಾಗಿ ಕೂಡಿದವರ ಮೇಲೆಯೇ ಹೊಸ ಒಡಕು ತಂದರೆಂಬ ಆಕ್ಷೇಪವೂ ಬಂದಿತು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು.

ಮೈಸೂರು ಪ್ರಾಂತಕ್ಕೆ ಬಿಷಪ್ಪರಾದವರು ಪಿ. ಗುರುಶಾಂತರವರು. ನೂರ ಹತ್ತು ವರ್ಷ ಬಿಷಪ್ಪರಿಲ್ಲದೆಯೇ ನಡೆದುಬಂದಿದ್ದ ಗುಬ್ಬಿಯ ಸಭೆಗೆ ದೊರೆತ ಮೊದಲ ಬಿಷಪ್ಪರು ಭಾರತೀಯರು.