ಬಾಟಲಿಯಲ್ಲಿ ಹೊಸ ಇಂಜಿನ್ ಸಿಗುತ್ತಾ?

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ನಮ್ಮೂರ ಗಾಡಿಗಳು ಉಸಿರಾಡಿದ್ದು ಅದಿರಿನ ಧೂಳನ್ನೇ. ಏರ್ ಫಿಲ್ಟರ್ ದಾಟಿದ ಧೂಳು ಸಿಲಿಂಡರ್, ರಿಂಗುಗಳನ್ನು ಸವೆಸುತ್ತದೆ. ಅಪ್ಪನ ಹಳೇ ಕಾರೂ ನೀಲಿ ಹೊಗೆ ಬಿಡತೊಡಗಿತ್ತು. ಇಂಜಿನ್ ಆಯಿಲ್‌ಗೆ ಬೆರೆಸುವ ಬಾಟಲಿ ಕೊಂಡು ಹೋದರೆ ಬ್ರೂಸ್‌ಪೇಟೆಯ ಮೆಕ್ಯಾನಿಕ್ ನಕ್ಕರು: ‘ಹೊಗೆ ನಾಕು ದಿನ ಕಮ್ಮಿ ಆಗ್ತೈತೆ ಸಾರ್, ಸವೆದಿದ್ದು ವಾಪಸ್ ಬರಲ್ಲ.’

ಇಂಥ ಬಾಟಲಿಯ ಮೇಲೆ ಅಮೆರಿಕದಲ್ಲಿ ಕೇಸೇ ನಡೆದಿದೆ. ‘ಸ್ಲಿಕ್ 50’ ಸವೆತವನ್ನು ಅರ್ಧಕ್ಕಿಳಿಸುತ್ತದೆ ಎಂಬ ಜಾಹೀರಾತಿಗೆ ಆಧಾರವಿಲ್ಲವೆಂದು ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತು. 1997ರಲ್ಲಿ ಕಂಪನಿ ರಾಜಿಗೆ ಬಂತು.

ಮಸಿ ಕಟ್ಟಿ ಅಂಟಿಕೊಂಡ ರಿಂಗನ್ನು ಕೆಲವು ಬಾಟಲಿಗಳು ಬಿಡಿಸಬಹುದು, ನಿಜ. ಉಜ್ಜಿಹೋದ ಲೋಹ ಮಾತ್ರ ಬಾಟಲಿಯಲ್ಲಿ ಸಿಗಲ್ಲ. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ದುಡ್ಡು ಆಮೇಲೆ ಬಿಚ್ಚಿ.