ತಿರುಗುವ ದಂಡ ಕಲಿಸಿದ ಪಾಠ

ಯಂತ್ರವೊಂದು ತಿರುಗುವಾಗ ಅದರೊಡನೆ ಕಂಪನವೂ ಹುಟ್ಟುತ್ತದೆ. ಆ ಕಂಪನವನ್ನು ಅಳೆದು, ಯಂತ್ರದ ಆರೋಗ್ಯವನ್ನು ಅರಿತು, ಅದು ಮುರಿದು ಬೀಳುವ ಮುನ್ನವೇ ಎಚ್ಚರಿಸುವುದು ಇಂದು ಒಂದು ಶಾಸ್ತ್ರವಾಗಿ ಬೆಳೆದಿದೆ. ಈ ಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ದುಡಿಯುವ ತರುಣರಿಗೆ ಗಣಿತವನ್ನೂ ಉಪಕರಣಗಳ ಬಳಕೆಯನ್ನೂ ಕಲಿಸುತ್ತಾರೆ. ಅವುಗಳ ಜೊತೆಗೆ ಅರ್ಧ ಶತಮಾನದ ಒಂದು ವಿವಾದದ ಚರಿತ್ರೆಯನ್ನೂ ಅವರು ಅರಿಯಬೇಕೆಂಬುದು ನನ್ನ ನಂಬಿಕೆ.

1869ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಂಕಿನ್ ತಿರುಗುವ ದಂಡಗಳನ್ನು ಕುರಿತು ಒಂದು ಲೇಖನ ಬರೆದನು. ಪ್ರತಿಯೊಂದು ದಂಡಕ್ಕೂ ಒಂದು ವೇಗದ ಮಿತಿಯುಂಟು, ಅದನ್ನು ದಾಟಿದರೆ ದಂಡ ಬಾಗುತ್ತಲೇ ಹೋಗುತ್ತದೆ ಎಂಬುದು ಅವನ ತೀರ್ಮಾನ. ತಿರುಗುವ ವಸ್ತುವಿನ ಮೇಲೆ ಲೆಕ್ಕಕ್ಕೆ ಬರಬೇಕಾದ ಬಲಗಳಲ್ಲಿ ಒಂದನ್ನು, ಕೊರಿಯೋಲಿಸ್ ಬಲವನ್ನು, ಅವನು ಬಿಟ್ಟಿದ್ದನು. ಆದರೆ ಉಷ್ಣಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬನ ಮಾತು ಅದು. ಬಹುಕಾಲ ಪ್ರಮಾಣವಾಗಿ ನಿಂತಿತು.

ಇತ್ತ ಸ್ವೀಡನ್ನಿನಲ್ಲಿ, ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರಕ್ಕೆ ಹೆಸರಾದ ದ ಲಾವಾಲ್ 1889ರ ವೇಳೆಗೆ ಒಂದು ಉಗಿ ಟರ್ಬೈನನ್ನು ನಿರ್ಮಿಸಿದನು. ನಿಮಿಷಕ್ಕೆ ಸುಮಾರು 30,000 ಸುತ್ತು! ದಂಡವನ್ನು ದಪ್ಪಗೊಳಿಸುವ ಬದಲು ಅವನು ಬಳುಕುವಂತೆ ತೆಳುವಾಗಿಸಿದ್ದನು. ಮಿತಿಯೆನಿಸಿದ ವೇಗದ ಬಳಿ ಅದು ಥರಥರ ನಡುಗಿತು, ದಾಟಿದೊಡನೆ ಶಾಂತವಾಯಿತು. ಕಾರಣವಿಷ್ಟೆ: ಆ ವೇಗದ ಕೆಳಗೆ ಚಕ್ರದ ಹೆಚ್ಚು ಭಾರದ ಪಕ್ಕ ಹೊರಕ್ಕೆ ಸೆಳೆಯುತ್ತದೆ; ಮೇಲೆ ಅದೇ ಪಕ್ಕ ಒಳಕ್ಕೆ ತಿರುಗಿ, ಚಕ್ರವು ತನ್ನ ಭಾರಕೇಂದ್ರವನ್ನೇ ಸುತ್ತತೊಡಗುತ್ತದೆ.

1895ರಲ್ಲಿ ಜರ್ಮನಿಯ ಫೊಪ್ಪಲ್ ಇದನ್ನು ಗಣಿತದಿಂದ ವಿವರಿಸಿದನು. ಲೇಖನ ಜರ್ಮನ್ ಭಾಷೆಯಲ್ಲಿತ್ತು. ಇಂಗ್ಲೆಂಡಿನ ಎಂಜಿನಿಯರುಗಳು ಅದನ್ನು ಗಮನಿಸಲಿಲ್ಲ. 1916ರಲ್ಲಿ ಕೆರ್ ಎಂಬಾತ ಎರಡನೆಯ ಕ್ರಾಂತಿಕ ವೇಗವೂ ಉಂಟೆಂದು ಪ್ರಯೋಗದಿಂದ ತೋರಿಸಿದನು. ಮೊದಲನೆಯದನ್ನು ದಾಟಲಾಗದಿದ್ದರೆ ಎರಡನೆಯದನ್ನು ಮುಟ್ಟುವುದೆಂತು? ಈ ಗೊಂದಲವನ್ನು ಬಿಡಿಸಲು ಲಂಡನ್ನಿನ ರಾಯಲ್ ಸೊಸೈಟಿ ಐರ್ಲೆಂಡಿನ ಜೆಫ್‌ಕಾಟ್‌ನನ್ನು ಕೇಳಿಕೊಂಡಿತು. 1919ರಲ್ಲಿ ಅವನ ಉತ್ತರ ಪ್ರಕಟವಾಯಿತು. ದ ಲಾವಾಲ್ ಕೈಯಿಂದ ಮಾಡಿ ತೋರಿಸಿದ್ದನ್ನು ಇಂಗ್ಲಿಷ್ ಓದುವ ಜಗತ್ತು ಒಪ್ಪಿಕೊಳ್ಳಲು ಮೂವತ್ತು ವರ್ಷ ಬೇಕಾಯಿತು.

ಇಂದಿಗೂ ಈ ಶಾಸ್ತ್ರದ ವಿದ್ಯಾರ್ಥಿಗೆ ಮೊದಲ ಪಾಠ, ತೂಕವಿಲ್ಲದ ದಂಡದ ನಡುವೆ ಒಂದೇ ಚಕ್ರವಿರುವ ಆ ಸರಳ ಮಾದರಿಯೇ. ಇಂಗ್ಲಿಷಿನವರು ಅದಕ್ಕೆ ಜೆಫ್‌ಕಾಟನ ಹೆಸರಿಟ್ಟರು, ಜರ್ಮನರು ಲಾವಾಲನ ಹೆಸರಿಟ್ಟರು. ಎರಡರಲ್ಲಿಯೂ ಫೊಪ್ಪಲನ ಹೆಸರಿಲ್ಲ.

ಮುಂದೆ 1939ರಲ್ಲಿ ಅಮೆರಿಕದ ರಾತ್‌ಬೋನ್ ಎಂಬ ಎಂಜಿನಿಯರು, ಎಷ್ಟು ಕಂಪನ ಸಹ್ಯ, ಎಷ್ಟು ಅಪಾಯ ಎಂಬುದಕ್ಕೆ ಒಂದು ನಕ್ಷೆ ರಚಿಸಿದನು. ಅವನಿದ್ದುದು ವಿಮಾ ಸಂಸ್ಥೆಯೊಂದರಲ್ಲಿ. ಮುರಿದ ಯಂತ್ರದ ಬೆಲೆ ತೆರುವವರು ಅವರೇ ತಾನೆ!

ಈಗ ಸೂಕ್ಷ್ಮ ಉಪಕರಣಗಳು ಸೆಕೆಂಡಿಗೆ ಸಾವಿರಾರು ಬಾರಿ ಕಂಪನವನ್ನು ಅಳೆಯುತ್ತವೆ, ಕಂಪ್ಯೂಟರು ಅವುಗಳಲ್ಲಿ ಲಕ್ಷಣಗಳನ್ನು ಹುಡುಕುತ್ತದೆ. ತಪ್ಪು ಎಚ್ಚರಿಕೆಯಿಂದ ಕಾರ್ಖಾನೆ ನಿಲ್ಲುತ್ತದೆ. ಎಚ್ಚರಿಕೆಯೇ ಬಾರದಿದ್ದರೆ ಯಂತ್ರದ ಪಕ್ಕದಲ್ಲಿ ನಿಂತವನ ಪ್ರಾಣ ಹೋದೀತು. ಆದ್ದರಿಂದ ಸಂಶೋಧಕನಾಗುವವನು ಲೆಕ್ಕವನ್ನಷ್ಟೇ ಕಲಿತರೆ ಸಾಲದು. ದೊಡ್ಡವರ ಸೂತ್ರವೂ ಎದುರಿನ ಯಂತ್ರವೂ ಬೇರೆ ಬೇರೆ ಮಾತಾಡಿದಾಗ ಯಂತ್ರದ ಮಾತನ್ನು ತಾಳ್ಮೆಯಿಂದ ಕೇಳಬೇಕು. ತನಗೆ ಬಾರದ ಭಾಷೆಯಲ್ಲಿ ಉತ್ತರ ಆಗಲೇ ಬರೆದಿಟ್ಟಿರಬಹುದೆಂಬ ವಿನಯವೂ ಅವನಲ್ಲಿರಬೇಕು.